ಬೀರುವಿನಲ್ಲಿ ಮಲಗಿದ್ದ ಕಿವಿ

ಹೋದ ವಾರ ಟಿ.ವಿ. ಸ್ಟ್ಯಾಂಡಿನ ಡ್ರಾಯರು ಸ್ವಚ್ಛ ಮಾಡಲು ಕೂತವಳು ಅರ್ಧಕ್ಕೇ ಎದ್ದುಬಿಟ್ಟೆ. ಅದರೊಳಗೆ ಒಂದು ಪವರ್ ಬ್ಯಾಂಕ್ ಸಿಕ್ಕಿತು. ನಮ್ಮವರಿಗೆ ಯಾವುದೋ ಸಮಾರಂಭದಲ್ಲಿ ಶಾಲು, ಹಾರದ ಜೊತೆ ಕೊಟ್ಟದ್ದು. ಪ್ರವಾಸ ಹೋಗುವಾಗ ಬೇಕಾಗುತ್ತದೆ ಎಂದು ಡಬ್ಬಿ ಸಮೇತ ಎತ್ತಿಟ್ಟಿದ್ದೆವು. ನಾವು ಪ್ರವಾಸ ಹೋಗಲಿಲ್ಲ. ಅದು ಮಾತ್ರ ಕೂತಲ್ಲೇ ಕೂತು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಒತ್ತಬಾರದು, ಚುಚ್ಚಬಾರದು, ಚಾರ್ಜಿಗಂತೂ ಹಾಕಲೇಬಾರದು. ಮರಳು ತುಂಬಿದ ಹೂಕುಂಡದಲ್ಲಿಟ್ಟು ತಾರಸಿಯ ನೆರಳಿಗೆ ಸಾಗಿಸಿದೆ. ನಮ್ಮವರು ನೋಡಿ, "ಇದೇನಿದು, ಸಮಾಧಿ ಕಟ್ತೀಯಾ?" ಎಂದರು. ನಗಬಹುದಿತ್ತು. ಆದರೆ ಬ್ಯಾಟರಿಯೊಂದರ ಸಾವು ನಮ್ಮ ಮನೆಗೆ ಹೊಸದಲ್ಲ, ಈ ಬೇಸಿಗೆಯಲ್ಲೇ ಇನ್ನೊಂದು ಆಗಿತ್ತು. ಅದನ್ನು ಹೇಳುವುದಕ್ಕೇ ಈ ಪೀಠಿಕೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಲಿಥಿಯಂ ಬ್ಯಾಟರಿಯ ಸ್ವಭಾವವನ್ನು ಮಕ್ಕಳಿಗೆ ವಿವರಿಸುವಾಗ ನನಗೇ ಅದರ ಮೇಲೆ ಒಂದು ಬಗೆಯ ಕನಿಕರ ಹುಟ್ಟುತ್ತದೆ. ಬಳಸಿದರೆ ಸವೆಯುತ್ತದೆ, ಅದು ಸರಿ. ಬಳಸದೆ ಇಟ್ಟರೂ ಸವೆಯುತ್ತದೆ. ಹೊಟ್ಟೆ ತುಂಬ ಚಾರ್ಜು ಮಾಡಿ ಸೆಕೆಯಲ್ಲಿ ತಿಂಗಳುಗಟ್ಟಲೆ ಇಟ್ಟಿರೋ, ಒಳಗೊಳಗೇ ಮುಪ್ಪಾಗುತ್ತದೆ. ಬರಿಹೊಟ್ಟೆಯಲ್ಲಿ ಇಟ್ಟಿರೋ, ಇದ್ದ ಹನಿಯೂ ತಾನೇ ಸೋರಿಹೋಗಿ, ಆಮೇಲೆ ಕರೆಂಟು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅದನ್ನು ಬಹಳ ದಿನ ಬಿಟ್ಟಿರಬೇಕಾದರೆ ಸುಮಾರು ಅರ್ಧ ತುಂಬಿಸಿ, ತಣ್ಣಗಿರುವ ಕಡೆ ಇಟ್ಟು, ಆಗಾಗ ತೆಗೆದು ನಾಲ್ಕು ಗುಟುಕು ಕುಡಿಸಬೇಕು.

ಇದನ್ನು ನಮ್ಮ ಕಡೆಯ ಹೆಂಗಸರಿಗೆ ಒಪ್ಪಿಸಿ ನೋಡಿ! ಅರ್ಧ ತುಂಬಿಸಿಡುವುದು ಎಂದರೆ ನಮ್ಮಲ್ಲಿ ಅಪಶಕುನ. ಅಕ್ಕಿ ಡಬ್ಬಿ ಅರ್ಧವಾಯಿತೆಂದರೆ ಮನೆಯೊಡತಿಗೆ ನಿದ್ದೆ ಬಾರದು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆಯೇ ಇದೆ. ಗಾದೆ ಮಾಡಿದವರ ಕಾಲಕ್ಕೆ ಲಿಥಿಯಂ ಇರಲಿಲ್ಲ, ಪಾಪ.

ಅವರ ಕಾಲಕ್ಕೇನು, ನನ್ನ ಕಾಲಕ್ಕೂ ಇರಲಿಲ್ಲ. ನಾನು ಬೆಳೆದದ್ದು ಮಲೆಬೆನ್ನೂರಿನಲ್ಲಿ. ಗದ್ದೆಗೆ ನೀರು ತಿರುಗಿಸಲು ಹೋಗುವ ಅಪ್ಪನ ಕೈಯಲ್ಲಿ ಸ್ಟೀಲಿನ ಟಾರ್ಚಿರುತ್ತಿತ್ತು. ಬೆಳಕು ಹಳದಿಯಾಗುತ್ತ ಬಂದರೆ ಹೊಸ ಸೆಲ್ಲು ತರುವ ಪದ್ಧತಿ ಇರಲಿಲ್ಲ. ಹಳೆಯವನ್ನೇ ಹೊರತೆಗೆದು, ಅವ್ವ ಸಂಡಿಗೆ ಒಣಹಾಕಿದ ಚಾಪೆಯ ಮೂಲೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದೆವು. ಕಾಗೆ ಕಾಯುವ ಕೆಲಸ ನನ್ನದು. ಕಾಗೆ ಸೆಲ್ಲು ತಿನ್ನುವುದಿಲ್ಲ ಎಂಬುದು ಗೊತ್ತಿದ್ದರೂ ಅವನ್ನೂ ಕಾಯುತ್ತಿದ್ದೆ. ಸಂಜೆ ಟಾರ್ಚಿಗೆ ಹಾಕಿದರೆ ಒಂದಿಷ್ಟು ಬೆಳಕು ಮರಳಿ ಬರುತ್ತಿತ್ತು, ಸುಳ್ಳಲ್ಲ. ಬಿಸಿಲಿಗಿಟ್ಟರೆ ಸೆಲ್ಲಿಗೆ ಜೀವ ಬರುತ್ತದೆ ಎಂಬ ನಂಬಿಕೆ ನಮ್ಮ ತಲೆಮಾರಿನ ಮೂಳೆಯಲ್ಲಿ ಕೂತದ್ದು ಹಾಗೆ. ಆ ಮೂಳೆಗಳಲ್ಲಿ ಎಲ್ಲರಿಗಿಂತ ಗಟ್ಟಿಯಾದವು ನಮ್ಮತ್ತೆಯವು.

ನಮ್ಮತ್ತೆ ಹಾಲಮ್ಮ, ಹುಟ್ಟಿದ್ದು ಕುಕ್ಕುವಾಡದ ಒಕ್ಕಲು ಮನೆಯಲ್ಲಿ. ಮಾವನಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸವಿದ್ದುದರಿಂದ ಬದುಕಿನ ಬಹುಪಾಲು ಹರಿಹರದಲ್ಲೇ ಕಳೆದು, ಈಗ ದಾವಣಗೆರೆಯಲ್ಲಿ ನಮ್ಮ ಜೊತೆ ಇದ್ದಾರೆ. ಎತ್ತಿಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಹೊಸ ಸೀರೆ ಪೆಟ್ಟಿಗೆಯಲ್ಲಿ, ಹಳೆಯದು ಮೈಮೇಲೆ. ಹೊಸ ಸ್ಟೀಲ್ ತಟ್ಟೆ ಅಟ್ಟದ ಮೇಲೆ, ಸೊಟ್ಟ ತಟ್ಟೆ ಊಟಕ್ಕೆ. ನಮ್ಮ ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಅವರು ತೆಗೆಯಗೊಡಲಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದವರು ತಾವು ಕೂತಿದ್ದ ಗುರುತನ್ನು ಬೆವರಿನಲ್ಲಿ ಬಿಟ್ಟು ಹೋಗುತ್ತಾರೆ. ನಾನೇನು ಕಮ್ಮಿಯೇ? ಮದುವೆಗೆ ಬಂದ ಕಾಫಿ ಕಪ್ಪುಗಳ ಸೆಟ್ಟಿನಲ್ಲಿ ನಾನಿನ್ನೂ ಕಾಫಿ ಕುಡಿದಿಲ್ಲ. ಅತ್ತೆಗೆ ತಕ್ಕ ಸೊಸೆ.

ಕೆಲವು ವರ್ಷಗಳಿಂದ ಅತ್ತೆಗೆ ಕಿವಿ ಮಂದವಾಗುತ್ತ ಬಂದಿತ್ತು. ಹೋದ ವರ್ಷ ಗಣೇಶನ ಹಬ್ಬದ ಹೊತ್ತಿಗೆ ನಮ್ಮವರು ಒಳ್ಳೆಯ ಶ್ರವಣಯಂತ್ರ ತಂದುಕೊಟ್ಟರು. ಕಡಲೆಬೀಜದಷ್ಟು ಗಾತ್ರದ ಎರಡು ಯಂತ್ರಗಳು, ಅವು ಮಲಗಿ ಚಾರ್ಜು ಮಾಡಿಕೊಳ್ಳಲು ಒಂದು ಪುಟ್ಟ ಡಬ್ಬಿ. ಸೆಲ್ಲು ಬದಲಿಸುವ ರಗಳೆಯೇ ಇಲ್ಲ. ಮೊದಲ ದಿನ ಕಿವಿಗೆ ಹಾಕಿಕೊಂಡ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬೆರಗಾಗಿ ನಿಂತರು. ಮಿಕ್ಸಿ, ಕುಕ್ಕರು, ಫ್ಯಾನು, ಪಕ್ಕದ ಮನೆಯ ಟಿ.ವಿ. ಎಲ್ಲ ಒಟ್ಟಿಗೇ ನುಗ್ಗಿದ್ದವು.

"ಇಷ್ಟು ಗದ್ದಲ ಐತೇನೇ ಈ ಮನ್ಯಾಗ! ನೀವೆಲ್ಲ ಹೆಂಗೆ ಬದುಕ್ತೀರಿ?" ಎಂದರು.

ಸಂಜೆಗೆ ಅವನ್ನು ತೆಗೆದು, ನನ್ನ ಕೈಲಿ ಪೂರ್ತಿ ಚಾರ್ಜು ಮಾಡಿಸಿ, ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆಯ ಪಕ್ಕ ಮಲಗಿಸಿ ಬೀರು ಮುಚ್ಚಿದರು. ದಿನಾ ಹಾಕಿಕೊಳ್ಳಿ ಅತ್ತೆ, ಅದಕ್ಕೇ ತಂದಿರುವುದು ಎಂದೆ.

"ದಿನಾ ಹಾಕ್ಕಂಡ್ರೆ ಸವೀತೈತೆ. ಇಂಥ ಒಳ್ಳೇದು ಮತ್ತೆ ಸಿಗ್ತೈತೇನು? ಯಾವುದಾದ್ರೂ ಮುಖ್ಯ ಮಾತು ಕೇಳೋದಿದ್ದಾಗ ಹಾಕ್ಕಂತೀನಿ ಬಿಡು."

ಹಾಗೆಂದರೆ ನಾವು ದಿನವೂ ಆಡುವುದು ಅಮುಖ್ಯ ಮಾತು ಎಂದಾಯಿತು. ನನಗೆ ಸ್ವಲ್ಪ ಮುಖಭಂಗವಾದದ್ದು ನಿಜ. ಆದರೆ ಯೋಚಿಸಿದರೆ, ಸಾರಿಗೆ ಉಪ್ಪು ಸಾಕೇ, ಹಾಲಿನವನು ಬಂದನೇ ಎಂಬುದಕ್ಕೆ ಅಂಥ ಯಂತ್ರ ಬೇಕಿಲ್ಲ ಎಂಬುದೂ ಒಂದು ವಾದವೇ. ಅತ್ತೆ ಕೇಳಬೇಕಾಗಿದ್ದ ಮುಖ್ಯ ಮಾತು ಯಾವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಬರಬೇಕಾಗಿದ್ದದ್ದು ಜೈತೂನ್‌ಬಿಯವರ ಬಾಯಿಂದ.

ಹರಿಹರದಲ್ಲಿ ಅತ್ತೆಯ ಬಾಡಿಗೆ ಮನೆಗೂ ಜೈತೂನ್‌ಬಿಯವರ ಮನೆಗೂ ನಡುವೆ ಒಂದೇ ಗೋಡೆ. ಅವರದು ಗಾದಿ ಹೊಲಿಯುವ ಮನೆತನ. ಆ ಓಣಿಯಲ್ಲಿ ಹತ್ತಿ ಹಾರಿ ಬಂದು ಅತ್ತೆಯ ಸಾರಿಗೆ ಬೀಳುತ್ತಿತ್ತಂತೆ. ಅತ್ತೆಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ಜೈತೂನ್‌ಬಿ ರೊಟ್ಟಿ ತಟ್ಟಿ ಗೋಡೆಯ ಮೇಲಿಂದ ಕೊಡುತ್ತಿದ್ದರು. ಅವರ ಹೆರಿಗೆಗೆ ಅತ್ತೆ ಜೊತೆಗಿದ್ದರು. ಅತ್ತೆಯನ್ನು ಹಾಲಕ್ಕ ಎಂದು ಕರೆಯುವವರು ಈ ಭೂಮಿಯಲ್ಲಿ ಅವರೊಬ್ಬರೇ.

ಕೆಟ್ಟದ್ದು ನನ್ನ ಮದುವೆಯಲ್ಲಿ. ಬೀಗರು ಬಂದು ಇಳಿದಿದ್ದಾರೆ, ಹಾಸಲು ಅತ್ತೆ ಹಳೆಯ ಜಮಖಾನೆಗಳನ್ನೇ ಹೊರತೆಗೆದಿದ್ದಾರೆ, ಹೊಸವು ಪೆಟ್ಟಿಗೆಯಲ್ಲಿ ಭದ್ರವಾಗಿವೆ. ತಾವೇ ಹೊಲಿದ ಹೊಸ ಗಾದಿಗಳ ಮೇಲೆ ಆ ಹರಕು ಜಮಖಾನೆ ಬಿದ್ದದ್ದನ್ನು ನೋಡಿ ಜೈತೂನ್‌ಬಿಗೆ ತಡೆಯಲಾಗಲಿಲ್ಲ. ತುಂಬಿದ ಪಡಸಾಲೆಯಲ್ಲಿ, "ನಮ್ಮ ಹಾಲಕ್ಕ ಬಾಳೇವನ್ನೇ ಪೆಟ್ಟಿಗ್ಯಾಗ ಇಟ್ಟಾಳ್ರಿ. ಸತ್ತ ಮ್ಯಾಲೆ ತೆಗೆದು ಉಟ್ಕಂತಾಳ!" ಎಂದುಬಿಟ್ಟರು. ಎಲ್ಲರೂ ನಕ್ಕರು. ನಮ್ಮ ಕಡೆಯವರು ಇನ್ನೂ ಜೋರಾಗಿ ನಕ್ಕರು. ಅತ್ತೆಯೂ ನಕ್ಕರು, ಆದರೆ ಬೀಗರ ಮುಂದೆ ಆಡಿದ ಮಾತು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಆಮೇಲೆ ರಂಜಾನಿಗೆ ಸುರಕುಂಬದ ಪಾಯಸ ಬರುವುದು ನಿಲ್ಲಲಿಲ್ಲ, ಯುಗಾದಿಗೆ ಹೋಳಿಗೆ ಹೋಗುವುದೂ ನಿಲ್ಲಲಿಲ್ಲ. ಡಬ್ಬಿಗಳು ಓಡಾಡಿದವು. ಅತ್ತೆ ಮಾತ್ರ ಆ ಹೊಸ್ತಿಲು ತುಳಿಯಲಿಲ್ಲ.

ಈ ಬೇಸಿಗೆಯಲ್ಲಿ ಸುದ್ದಿ ಬಂತು, ಜೈತೂನ್‌ಬಿ ಹಜ್‌ಗೆ ಹೊರಟಿದ್ದಾರೆ. ಹಾಗೆ ಹೊರಡುವವರು ನೆಂಟರು, ನೆರೆಯವರ ಮನೆಮನೆಗೂ ಹೋಗಿ ಕ್ಷಮೆ ಕೇಳಿ ಬರುವುದು ಅವರಲ್ಲಿ ನಡೆದುಬಂದ ಪದ್ಧತಿ. ಕಹಾ ಸುನಾ ಮಾಫ್ ಕರೋ ಎನ್ನುತ್ತಾರೆ. ಆಡಿದ್ದು, ಕೇಳಿದ್ದು, ಎಲ್ಲ ಮನ್ನಿಸಿ ಎಂದು. ಎದುರಿನವರು ಮಾಫ್ ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹೃದಯದ ಮೇಲೆ ಯಾರ ಭಾರವನ್ನೂ ಇಟ್ಟುಕೊಂಡು ಅಲ್ಲಿಗೆ ಹೋಗಬಾರದಂತೆ. ಭಾನುವಾರ ಅಮ್ಮ ದಾವಣಗೆರೆಗೆ ಬರುತ್ತಾರೆ, ಮೊದಲು ನಿಮ್ಮ ಮನೆಗೇ ಎಂದು ಅವರ ಮಗ ಫೋನು ಮಾಡಿದ.

ಅತ್ತೆ ಆ ವಾರವೆಲ್ಲ ಗೆಲುವಾಗಿದ್ದರು. "ಈಗ ಆ ಮಾತು ತೆಗೀಲೇಬೇಕು ಆಕಿ. ದೇವ್ರ ಹತ್ರ ಹೊಂಟಾಳ, ತಪ್ಪಿಸ್ಕಣಾಕೆ ಆಗಂಗಿಲ್ಲ," ಎಂದು ನನಗೆ ಎಷ್ಟು ಸಲ ಹೇಳಿದರೋ. ಜೈತೂನ್‌ಬಿಯ ಬಾಯಿಂದ ಆ ಪೆಟ್ಟಿಗೆಯ ಮಾತಿಗೆ ಒಂದು ಮಾಫಿ, ಅದೂ ಸ್ವಂತ ಕಿವಿಯಲ್ಲಿ. ಅವರಿಗೆ ಬೇಕಾಗಿದ್ದು ಅಷ್ಟೇ.

ಶನಿವಾರ ನಾನು ಸಂತೆಗೆ ಹೋಗಿ ಬಂದು, ಒಣಗಿದ ಸಂಡಿಗೆ ತೆಗೆಯಲು ತಾರಸಿ ಹತ್ತಿದೆ. ಕಾಲಿಡಲಾಗದಷ್ಟು ಕಾದ ತಾರಸಿ. ಸಂಡಿಗೆಯ ಸಾಲಿನ ಕೊನೆಯಲ್ಲಿ ಒಂದು ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಶ್ರವಣಯಂತ್ರಗಳೆರಡು, ಅವುಗಳ ಡಬ್ಬಿ ಬಾಯಿ ತೆರೆದುಕೊಂಡು. ಬೆಳಿಗ್ಗೆ ಅತ್ತೆ ಬೀರು ತೆಗೆದು ನೋಡಿದ್ದಾರೆ. ದೀಪ ಹತ್ತಿಲ್ಲ. ಚಾರ್ಜಿಗೆ ಹಾಕಿದರೂ ಹತ್ತಿಲ್ಲ. ಸರಿ, ಬಿಸಿಲಿಗಿಟ್ಟಿದ್ದಾರೆ.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಪಡುವಣ ಗೋಡೆಗೆ ಒತ್ತಿಕೊಂಡ ಕಬ್ಬಿಣದ ಬೀರು ನಮ್ಮದು, ಮಧ್ಯಾಹ್ನದ ಮೇಲೆ ಒಲೆಯಾಗುತ್ತದೆ. ಅದರೊಳಗೆ ಇಷ್ಟು ತಿಂಗಳು ತುಂಬಿದ ಹೊಟ್ಟೆಯಲ್ಲಿ ಬೆಂದು, ಆಮೇಲೆ ಸೋರಿ ಸೋರಿ ಬರಿದಾಗಿ ಮಲಗಿದ್ದಕ್ಕೆ ಈಗ ಬಿಸಿಲಿನ ಚಿಕಿತ್ಸೆ! ಹೊಟ್ಟೆಪಾಡಿಗೆ ಇದನ್ನೇ ಪಾಠ ಹೇಳುವ ಮೇಷ್ಟ್ರಮ್ಮನ ಮನೆಯಲ್ಲಿ. ಪಿ.ಬಿ. ರಸ್ತೆಯ ಶ್ರವಣಯಂತ್ರದ ಅಂಗಡಿಗೆ ಸ್ಕೂಟಿಯಲ್ಲಿ ಓಡಿದೆ. ಅಲ್ಲಿಯ ಹುಡುಗಿ ನೋಡಿ, "ಇನ್ನ ಚಾರ್ಜ್ ಹಾಕಬ್ಯಾಡ್ರಿ ಮೇಡಂ, ಒಳಗೆ ಉಬ್ಬೈತೆ. ಬ್ಯಾಟರಿ ಕಂಪನಿಯಿಂದಾನೇ ಬರ್ಬೇಕು," ಎಂದಳು. ನಾಳೆಯ ಮಟ್ಟಿಗೆ ಬೇರೆ ಯಾವುದಾದರೂ ಕೊಡಮ್ಮ ಎಂದರೆ, ಒಬ್ಬೊಬ್ಬರ ಕಿವಿಗೆ ಒಂದೊಂದು ಹದ ಮಾಡಬೇಕು, ಅದನ್ನು ಮಾಡುವವರು ಊರಲ್ಲಿಲ್ಲ ಎಂದಳು. ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿದೆ.

ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ. ಯಂತ್ರಗಳನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದರು.

"ಹೊರಗಿಂದ ಹೊಸಾದಿದ್ದಂಗೆ ಐತಲ್ಲ!"

ಪರವಾಗಿಲ್ಲ, ಜೈತೂನ್‌ಬಿಯವರಿಗೆ ಸ್ವಲ್ಪ ಜೋರಾಗಿ ಮಾತಾಡಿ ಎಂದು ಹೇಳೋಣ ಎಂದೆ. ಅತ್ತೆಯ ಮುಖ ಗಂಟಿಕ್ಕಿತು.

"ಬ್ಯಾಡ! ಮಗ ತಂದುಕೊಟ್ಟಿದ್ದನ್ನ ಬೀರುದಾಗ ಇಟ್ಟು ಸಾಯಿಸಿದ್ಲು ಅಂತ ಆಕಿಗೆ ಗೊತ್ತಾಗ್ಬೇಕೇನು? ಆಕಿ ಅವತ್ತು ಆಡಿದ ಮಾತೇ ಖರೆ ಆಗಂಗಿಲ್ವ? ನೀ ಸುಮ್ನಿರು. ತುಟಿ ನೋಡಿ ತಿಳ್ಕಂತೀನಿ."

ಭಾನುವಾರ ಅತ್ತೆ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟರು. ಎರಡೂ ಕಿವಿಗೆ ಸತ್ತ ಯಂತ್ರಗಳನ್ನು ಏರಿಸಿಕೊಂಡು ಪ್ಲಾಸ್ಟಿಕ್ ಸೋಫಾದ ಮೇಲೆ ನೆಟ್ಟಗೆ ಕೂತರು. ಜೈತೂನ್‌ಬಿ ಬಂದರು. ಮಗ ಅವರನ್ನು ಬಿಟ್ಟು ಕಾರಿನಲ್ಲೇ ಕೂತ. ತುಂಬ ಇಳಿದುಹೋಗಿದ್ದರು ಜೈತೂನ್‌ಬಿ, ಕೂರುವಾಗ ಮಂಡಿ ಹಿಡಿದುಕೊಂಡರು. ಅತ್ತೆಯ ಕಿವಿಯಲ್ಲಿದ್ದದ್ದನ್ನು ನೋಡಿ ಮುಖ ಅರಳಿಸಿದರು.

"ಕಿವಿ ಮಿಷಿನ್ ಹಾಕ್ಕಂಡೀಯಾ ಹಾಲಕ್ಕಾ? ಚಲೋ ಆತು. ಒದರಿ ಒದರಿ ಮಾತಾಡೋ ಮಾತಲ್ಲ ನಂದು."

"ಹೂಂ, ಈ ವರ್ಷ ಬಿಸ್ಲು ಬಾಳ," ಎಂದರು ಅತ್ತೆ.

ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತೇಬಿಟ್ಟೆ. ಬಾಯಿ ತೆರೆದರೆ ಅತ್ತೆಯ ಕಣ್ಣು ನನ್ನನ್ನು ಅಲ್ಲೇ ಸುಡುತ್ತಿತ್ತು. ಜೈತೂನ್‌ಬಿ ಮುಂದಕ್ಕೆ ಬಾಗಿ ಅತ್ತೆಯ ಕೈ ಹಿಡಿದುಕೊಂಡರು. ಹೇಳಬೇಕಾದದ್ದು ಬಾಯಿಗೆ ಬಂದಾಗ ಅವರಿಗೆ ಅಳು ಬಂತು, ಸೆರಗು ತುಟಿಗೆ ಹೋಯಿತು. ಅತ್ತೆ ನಂಬಿ ಕೂತಿದ್ದ ತುಟಿಗಳು ಸೆರಗಿನ ಹಿಂದೆ ಮರೆಯಾದವು.

"ದೊಡ್ಡ ಪ್ರಯಾಣ ಅಕ್ಕಾ. ವಾಪಸ್ ಬರ್ತೀನೋ ಇಲ್ವೋ, ಅಲ್ಲಾಗೆ ಗೊತ್ತು. ಆಡಿದ್ದು, ಕೇಳಿದ್ದು, ಎಲ್ಲ ಮಾಫ್ ಮಾಡು."

ಮೆಲ್ಲಗೆ, ಹತ್ತಿ ಹಿಂಜಿದಷ್ಟು ಮೆಲ್ಲಗೆ ಹೇಳಿ, ಅತ್ತೆಯ ಮುಖವನ್ನೇ ನೋಡುತ್ತ ಕೂತರು. ಅತ್ತೆಯೂ ಅವರ ಮುಖ ನೋಡಿದರು. ಏನೋ ಹೇಳಿ ಮುಗಿಸಿದಂತಿದೆ, ಈಗ ತಾನು ಏನಾದರೂ ಅನ್ನಬೇಕು ಎಂದು ಅವರಿಗೆ ತೋಚಿರಬೇಕು. ಪಕ್ಕದ ತಟ್ಟೆ ಮುಂದೆ ಮಾಡಿದರು.

"ತಗಳವ್ವ, ಬಾಳೆಹಣ್ಣು ತಗ. ಏಲಕ್ಕಿ ಬಾಳೆ."

ಜೈತೂನ್‌ಬಿಯ ಕೈ ಸಡಿಲವಾಯಿತು. ಒಂದು ಹಣ್ಣು ತೆಗೆದುಕೊಂಡರು, ಸುಲಿಯಲಿಲ್ಲ. ಹೊರಗೆ ಮಗ ಹಾರ್ನು ಹಾಕಿದ. "ಬರ್ತೀನಕ್ಕಾ," ಎಂದು ಎದ್ದರು. ನಾನು ತಟ್ಟೆ ಕೆಳಗಿಟ್ಟು ಚಪ್ಪಲಿ ಹುಡುಕಿ ಹೊರಗೆ ಬರುವಷ್ಟರಲ್ಲಿ ಕಾರು ತಿರುವು ದಾಟಿತ್ತು.

ಒಳಗೆ ಅತ್ತೆ ಆಸೆಗಣ್ಣಿನಿಂದ ಕಾಯುತ್ತಿದ್ದರು. "ಏನಂದ್ಲು? ಆ ಮಾತು ತೆಗದ್ಲಾ?"

"ಇಲ್ಲತ್ತೆ. ಆಡಿದ್ದು ಕೇಳಿದ್ದು ಎಲ್ಲ ಮಾಫ್ ಮಾಡು ಅಂದ್ರು. ಅಷ್ಟೇ," ಎಂದು ಕೂಗಿದೆ.

"ಪೆಟ್ಟಿಗಿ ಸುದ್ದಿ?"

"ಅದನ್ನ ಎತ್ತಲಿಲ್ಲ."

ಅತ್ತೆ ಸೋಫಾಕ್ಕೆ ಒರಗಿದರು. ಮರೆತಾಳ ಆಕಿ, ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಇಷ್ಟು ವರ್ಷ ಒಂದು ಮಾತಿಗಾಗಿ ಕಾದವರಿಗೆ, ಆಡಿದವರಿಗೇ ಅದು ನೆನಪಿಲ್ಲ ಎಂದು ಸಾರುವ ಕೆಲಸ ನನ್ನ ಪಾಲಿಗೆ ಬರಬೇಕೇ? ಸ್ವಲ್ಪ ಹೊತ್ತಿಗೆ ಅತ್ತೆ ಥಟ್ಟನೆ ತಲೆ ಎತ್ತಿದರು.

"ಮತ್ತೆ ಅದಕ್ಕೆ ನಾ ಏನಂದೆ?"

"ಬಾಳೆಹಣ್ಣು ತಗ ಅಂದ್ರಿ."

ಅತ್ತೆಯ ಬಾಯಿ ಹಾಗೇ ತೆರೆದುಕೊಂಡಿತು. ಯಂತ್ರಗಳನ್ನು ಕಿವಿಯಿಂದ ಕಿತ್ತು ಟೀಪಾಯಿಯ ಮೇಲೆ ಹಾಕಿದರು.

"ಅಯ್ಯೋ ಶಿವನೇ! ಮಾಫಿ ಕೇಳಾಕೆ ಬಂದೋಳಿಗೆ ಬಾಳೆಹಣ್ಣು ಕೊಟ್ಟು ಕಳ್ಸಿದ್ನೇನು? ನಾ ಬೇಕಂತಲೇ ಬಾಯಿ ಬಿಡ್ಲಿಲ್ಲ ಅಂತ ತಿಳ್ಕಂಡು ಹೋದ್ಲಲ್ಲ! ಆ ಭಾರ ಹೊತ್ಕಂಡು ಅಷ್ಟು ದೂರ ಹೆಂಗೆ ಹೋದಾಳು? ಗಾಡಿ ತಗಿ ಸುಧಾ. ತಗಿ ಅಂದ್ರೆ ತಗಿ!"

ಹೊಸ ಸೀರೆಯಲ್ಲೇ ಅತ್ತೆ ಸ್ಕೂಟಿಯ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತರು. ಹೊಸ ಸೀರೆಗೆ ಧೂಳಾಗುತ್ತದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅದೇ ಮೊದಲು. ಜೈತೂನ್‌ಬಿ ಇನ್ನೂ ನಾಲ್ಕಾರು ಮನೆಗೆ ಹೋಗುವವರಿರಬಹುದು, ಹರಿಹರದ ಮನೆಯಲ್ಲೇ ಕಾಯೋಣ ಎಂದು ನನ್ನ ಲೆಕ್ಕ. ಆದರೆ ದಾರಿಯಲ್ಲೇ, ಬಾತಿ ಊರಿನ ಹತ್ತಿರ, ರಸ್ತೆ ಬದಿಯ ಎಳನೀರಿನ ಗಾಡಿಯ ಪಕ್ಕ ಆ ಕಾರು ನಿಂತಿತ್ತು. ಉಳಿದ ಮನೆಗಳಿಗೆ ಹೋಗಲು ಅಮ್ಮನಿಗೆ ಮನಸ್ಸಾಗಲಿಲ್ಲ, ವಾಪಸ್ ಹೊರಟೆವು ಎಂದ ಮಗ. ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದು ಕೂತಿದ್ದರು ಜೈತೂನ್‌ಬಿ. ಮಡಿಲಲ್ಲಿ ಬಾಳೆಹಣ್ಣು ಹಾಗೇ ಇತ್ತು.

ಅತ್ತೆ ಸ್ಕೂಟಿ ನಿಲ್ಲುವ ಮೊದಲೇ ಇಳಿದರು. ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ಗೊತ್ತಾಗುವುದಿಲ್ಲ ನೋಡಿ, ಬಾತಿಯ ಅರ್ಧ ಊರಿಗೆ ಕೇಳಿಸಿರಬೇಕು.

"ಜೈತೂನ್! ಮಿಷಿನ್ ಸತ್ತೈತವ್ವ! ಬೀರುದಾಗ ಇಟ್ಟು ನಾನೇ ಸಾಯಿಸೀನಿ. ನಿನ್ನ ಮುಂದೆ ಮಾನ ಹೋಗ್ತೈತೆ ಅಂತ ಸತ್ತಿದ್ದನ್ನೇ ಕಿವ್ಯಾಗ ಇಟ್ಕಂಡು ಕುಂತಿದ್ದೆ. ನೀ ಕೇಳಿದ್ದು ನಂಗೆ ಕೇಳ್ಲೇ ಇಲ್ಲ. ಮಾಫ್ ಮಾಡೀನಿ! ಆಡಿದ್ದೂ ಮಾಫ್, ಕೇಳಿದ್ದೂ ಮಾಫ್. ನೀನೂ ನಂಗೆ ಮಾಡು!"

ಎಳನೀರಿನವನ ಮಚ್ಚು ಎತ್ತಿದಲ್ಲೇ ನಿಂತಿತು. ಜೈತೂನ್‌ಬಿ ಒಮ್ಮೆಲೇ ಅತ್ತರು, ಒಮ್ಮೆಲೇ ನಕ್ಕರು. ಸೆರಗಿನಿಂದ ಮುಖ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು.

"ಆ ಪೆಟ್ಟಿಗಿ ಮಾತೂ ಸೇರಿ ಏನಕ್ಕಾ? ಅದನ್ನ ಹೇಳಾಕೇ ಮೊದ್ಲು ನಿಮ್ಮನಿಗೆ ಬಂದಿದ್ದು. ಬೀಗರ ಮುಂದೆ ಅಂದಿದ್ದೆ. ನಾಚಿಕಿ ಆತು, ಬಾಯಿಗೆ ಬರ್ಲಿಲ್ಲ."

ಮರೆತಿರಲಿಲ್ಲ! ನನಗೆ ಕಣ್ಣು ತುಂಬಿ ಬಂತು. ಅತ್ತೆ ನನ್ನ ಕಡೆ ತಿರುಗಿ, "ಏನಂತೆ? ಏನಂತೆ?" ಎಂದು ತೋಳು ಅಲುಗಿಸಿದರು. ಹೋಗುವ ಬಸ್ಸಿನವರೂ ತಿರುಗಿ ನೋಡುವ ಹಾಗೆ ಅವರ ಕಿವಿಯಲ್ಲಿ ಅಷ್ಟನ್ನೂ ಕೂಗಿ ಹೇಳಿದೆ.

ಅತ್ತೆ ಕಾರಿನ ಬಾಗಿಲು ಹಿಡಿದು ಒಳಗೆ ಬಾಗಿದರು.

"ಅದೊಂದು ಈಗ ಮಾಡಂಗಿಲ್ಲ. ನೀ ಹೋಗಿ ಸುಖವಾಗಿ ವಾಪಸ್ ಬಾ. ಅಷ್ಟೊತ್ತಿಗೆ ಮಿಷಿನ್ ರಿಪೇರಿ ಆಗಿರ್ತೈತೆ. ಅವಾಗ ಮೆಲ್ಲಗೆ ಕೇಳು. ಈ ಕಿವಿಲೇ ಕೇಳಿ ಮಾಫ್ ಮಾಡ್ತೀನಿ."

ಜೈತೂನ್‌ಬಿ ಎರಡೂ ಕೈ ಚಾಚಿ ಅತ್ತೆಯ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿದರು.

"ಬರ್ತೀನಕ್ಕಾ, ಅದಕ್ಕಾದ್ರೂ ಬರ್ತೀನಿ!" ಎಂದು, ಈ ಸಲ ಅತ್ತೆಗೂ ಕೇಳುವ ಹಾಗೆ, ಒದರಿದರು.